ಖಾಲಿ ಅಂಕಣವೂ ಭಾಸ್ಕರಾಚಾರ್ಯರ ಚಿನ್ನವೂ

ಆನ್‌ಲೈನ್ ಕೋರ್ಸಿನ ಅಂಕಪಟ್ಟಿಯಲ್ಲಿ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಎಂದು ವೇಟೇಜ್, ಅಂದರೆ ತೂಕ, ತುಂಬಿ, ಎರಡೂ ಸೇರಿ 100 ಆಯಿತೆಂದು ಖಚಿತಪಡಿಸಿಕೊಂಡ ಮೇಲೆ ಉಳಿದದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಅಧ್ಯಾಪಕರಲ್ಲಿ ಬಲವಾಗಿದೆ. ಕೂಡುವುದರಲ್ಲಿ ಕಂಪ್ಯೂಟರ್ ತಪ್ಪುವುದಿಲ್ಲ, ನಿಜ. ಆದರೆ ಕೂಡಿದ್ದನ್ನು ಯಾವ ಸಂಖ್ಯೆಯಿಂದ ಭಾಗಿಸಬೇಕು ಎಂಬುದು ನಾವು ತೆರೆದೂ ನೋಡದ ಯಾವುದೋ ಆಯ್ಕೆಯಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ, ಮತ್ತು ವಿದ್ಯಾರ್ಥಿಯ ಅಂಕ ಕಾರಣವಿಲ್ಲದೆ ಏರಿಳಿದಂತೆ ಕಾಣುವುದು ಬಹುಮಟ್ಟಿಗೆ ಆ ಛೇದದಿಂದಲೇ.

ಛೇದದ ಈ ಮಹತ್ವವನ್ನು ನಮ್ಮ ಗಣಿತಜ್ಞರು ಚಿನ್ನದ ಲೆಕ್ಕದಲ್ಲಿ ಸೊಗಸಾಗಿ ತೋರಿಸಿದ್ದಾರೆ. ನೃಪತುಂಗನ ಕಾಲದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಲೆಕ್ಕಗಳಿವೆ; 1150ರ ಸುಮಾರಿಗೆ ಭಾಸ್ಕರಾಚಾರ್ಯರು ರಚಿಸಿದ ‘ಲೀಲಾವತಿ’ಯಲ್ಲಿ ಅವುಗಳಿಗೆ ಪ್ರತ್ಯೇಕ ಭಾಗವೇ ಇದೆ. ಅಲ್ಲಿನ ಒಂದು ಲೆಕ್ಕದಲ್ಲಿ 10, 4, 2, 4 ಮಾಷ ತೂಗುವ ನಾಲ್ಕು ತುಂಡು ಚಿನ್ನವಿದ್ದು, ಅವುಗಳ ವರ್ಣ, ಅಂದರೆ ಚೊಕ್ಕತನದ ಅಳತೆ, ಕ್ರಮವಾಗಿ 13, 12, 11, 10. ಎಲ್ಲವನ್ನೂ ಒಟ್ಟಿಗೆ ಕರಗಿಸಿದರೆ ಬರುವ ವರ್ಣವೆಷ್ಟು? ನಾಲ್ಕು ವರ್ಣಗಳನ್ನು ಸುಮ್ಮನೆ ಕೂಡಿ ನಾಲ್ಕರಿಂದ ಭಾಗಿಸಿದರೆ 11.5 ಬರುತ್ತದೆ, ಅದು ತಪ್ಪು. ಪ್ರತಿಯೊಂದು ವರ್ಣವನ್ನೂ ಅದರ ತೂಕದಿಂದ ಗುಣಿಸಿ ಕೂಡಿದರೆ 240. ಒಟ್ಟು ತೂಕವಾದ 20ರಿಂದ ಭಾಗಿಸಿದರೆ 12. ಅಂಕಪಟ್ಟಿಯ ತೂಕದ ಸರಾಸರಿ ಇದೇ. ಆದರೆ ನನಗೆ ಹೆಚ್ಚು ಪ್ರಿಯವಾದದ್ದು ಆ ಲೆಕ್ಕದ ಮುಂದಿನ ಪ್ರಶ್ನೆ: ಪುಟವಿಟ್ಟಾಗ ಆ 20 ಮಾಷ 16ಕ್ಕೆ ಇಳಿದರೆ ವರ್ಣವೆಷ್ಟಾಗುತ್ತದೆ? ಮೇಲಿನ 240 ಹಾಗೆಯೇ ಉಳಿಯುತ್ತದೆ, ಛೇದ ಮಾತ್ರ 16 ಆಗುತ್ತದೆ, ಉತ್ತರ 15. ಒಂದು ಗುಂಜಿ ಚಿನ್ನವನ್ನೂ ಸೇರಿಸದೆ ವರ್ಣ ಮೂರು ಮೆಟ್ಟಿಲು ಏರಿತು. ಪುಟವಿಟ್ಟಾಗ ಕಲ್ಮಶ ನಿಜವಾಗಿಯೂ ಸುಟ್ಟುಹೋಗುವುದರಿಂದ ಆ ಏರಿಕೆ ನ್ಯಾಯವಾದದ್ದು. ಅಂಕಪಟ್ಟಿಯಲ್ಲಿ ಛೇದ ಕುಗ್ಗಿದಾಗಲೂ ಅದು ನ್ಯಾಯವೇ ಎಂಬುದನ್ನು ನೋಡಬೇಕು.

ಐಐಟಿಗಳೂ ಐಐಎಸ್‌ಸಿಯೂ ಸೇರಿ ನಡೆಸುವ ಆನ್‌ಲೈನ್ ಕಲಿಕಾ ಯೋಜನೆಯಾದ ಎನ್‌ಪಿಟಿಇಎಲ್‌ನ ಕೋರ್ಸುಗಳ ನಿಯಮ ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪರಿಚಿತ. ಹನ್ನೆರಡು ವಾರದ ಕೋರ್ಸಿನಲ್ಲಿ 12 ಅಸೈನ್‌ಮೆಂಟುಗಳ ಪೈಕಿ ಅತ್ಯುತ್ತಮ 8ರ ಸರಾಸರಿಗೆ ಶೇಕಡ 25, ಮೇಲ್ವಿಚಾರಣೆಯಲ್ಲಿ ನಡೆಯುವ ಪರೀಕ್ಷೆಗೆ ಶೇಕಡ 75. ಇದೇ ನಿಯಮವನ್ನು ಅಧ್ಯಾಪಕರೊಬ್ಬರು ಆನ್‌ಲೈನ್ ಕೋರ್ಸು ನಡೆಸಲು ತಮ್ಮ ಕಾಲೇಜು ಬಳಸುವ ಮೂಡಲ್ ತಂತ್ರಾಂಶದಲ್ಲಿ ಅಳವಡಿಸುತ್ತಾರೆ ಎಂದಿಟ್ಟುಕೊಳ್ಳೋಣ. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಅವರು ಆರಂಭಿಸಿ, 2002ರಲ್ಲಿ ಮೊದಲ ಆವೃತ್ತಿ ಕಂಡ ಈ ಮುಕ್ತ ತಂತ್ರಾಂಶದಲ್ಲಿ ಅಂಕ ತುಂಬದ ಅಂಕಣಗಳನ್ನು ಲೆಕ್ಕದಿಂದ ಬಿಡುವ ‘ಎಕ್ಸ್‌ಕ್ಲೂಡ್ ಎಂಪ್ಟಿ ಗ್ರೇಡ್ಸ್’ ಎಂಬ ಆಯ್ಕೆಯಿದ್ದು, ಅದು ಸಾಮಾನ್ಯವಾಗಿ ಮೊದಲಿನಿಂದಲೇ ಚಾಲೂ ಇರುತ್ತದೆ. ವಿದ್ಯಾರ್ಥಿಯೊಬ್ಬಳು ಐದೇ ಅಸೈನ್‌ಮೆಂಟು ಸಲ್ಲಿಸಿ ಪ್ರತಿಯೊಂದರಲ್ಲೂ 90 ಪಡೆದಳು. ಸಲ್ಲಿಸದವುಗಳ ಅಂಕಣಗಳು ಖಾಲಿ ಉಳಿದವು. ಅವಳ ಒಟ್ಟು 450. ನಿಯಮದಂತೆ ಎಂಟರಿಂದ ಭಾಗಿಸಿದರೆ 56.25, ಅಂದರೆ 25ಕ್ಕೆ ಸುಮಾರು 14. ಖಾಲಿ ಅಂಕಣಗಳನ್ನು ಕೈಬಿಟ್ಟ ಮೂಡಲ್ ಐದರಿಂದ ಭಾಗಿಸಿ 90 ಎನ್ನುತ್ತದೆ, ಅಂದರೆ 25ಕ್ಕೆ 22.5. ಪರೀಕ್ಷೆ ಇನ್ನೂ ನಡೆಯದಿದ್ದರೆ ಇಡೀ ಕೋರ್ಸಿನ ಮೊತ್ತವೂ ಶೇಕಡ 90 ಎಂದೇ ಕಾಣುತ್ತದೆ. 75ರ ತೂಕವೇ ಛೇದದಿಂದ ಮಾಯವಾಗಿರುತ್ತದೆ.

ಇದನ್ನು ತಂತ್ರಾಂಶದ ದೋಷವೆಂದು ದೂರುವುದು ಸರಿಯಲ್ಲ. ಸೆಮಿಸ್ಟರಿನ ನಡುವೆ, ಇನ್ನೂ ಬಾರದ ಪರೀಕ್ಷೆಯನ್ನು ಸೊನ್ನೆಯೆಂದು ಎಣಿಸಿದರೆ ಜಾಣ ವಿದ್ಯಾರ್ಥಿಯೂ ಅನುತ್ತೀರ್ಣನಂತೆ ಕಾಣುತ್ತಾನೆ, ಆಗ ಖಾಲಿಯನ್ನು ಬಿಡುವುದೇ ಯುಕ್ತ. ಗಡುವು ಮುಗಿದ ಮೇಲೆ ಮಾತ್ರ ಖಾಲಿಯ ಅರ್ಥ ಬದಲಾಗುತ್ತದೆ, ಆ ಬದಲಾವಣೆ ಮನುಷ್ಯನಿಗಲ್ಲದೆ ಯಂತ್ರಕ್ಕೆ ತಿಳಿಯುವುದಿಲ್ಲ. ಸಲ್ಲಿಸದವರಿಗೆ ಸೊನ್ನೆಯನ್ನು ನಾವೇ ತುಂಬಬೇಕು. ಕಾಯಿಲೆಯಂಥ ಕಾರಣಕ್ಕೆ ವಿನಾಯಿತಿ ಪಡೆದವರ ಅಂಕವನ್ನಷ್ಟೇ ‘ಎಕ್ಸ್‌ಕ್ಲೂಡೆಡ್’, ಅಂದರೆ ಲೆಕ್ಕದಿಂದ ಹೊರಗೆ, ಎಂದು ಗುರುತಿಸಬೇಕು. ಭಾಸ್ಕರರ ಪುಟವಿಟ್ಟ ಚಿನ್ನಕ್ಕೆ ಸರಿಹೊಂದುವುದು ಅದೊಂದೇ.

ಎರಡನೆಯ ತೊಡಕು ವಿಭಾಗದ ಒಳಗೆ ಅಡಗಿರುತ್ತದೆ. 25 ತೂಕದ ವಿಭಾಗದಲ್ಲಿ 10 ಅಂಕದ ಒಂದು ಕ್ವಿಜ್, 100 ಅಂಕದ ಒಂದು ಪ್ರಾಜೆಕ್ಟ್ ಇವೆ. ವಿದ್ಯಾರ್ಥಿ ಕ್ವಿಜ್‌ನಲ್ಲಿ 10, ಪ್ರಾಜೆಕ್ಟಿನಲ್ಲಿ 40 ಗಳಿಸಿದ್ದಾನೆ. ಅಂಕಗಳನ್ನು ಒಟ್ಟುಗೂಡಿಸುವ ಮೂಡಲ್‌ನ ವಿಧಾನಗಳಲ್ಲೊಂದಾದ ‘ನ್ಯಾಚುರಲ್’ನಲ್ಲಿ, ತೂಕವನ್ನು ಕೈಯಿಂದ ತಿದ್ದದಿದ್ದರೆ, ಗರಿಷ್ಠ ಅಂಕವೇ ತೂಕವಾಗುವುದರಿಂದ ಅವನದು 110ಕ್ಕೆ 50, ಅಂದರೆ ವಿಭಾಗಕ್ಕೆ 11.36. ‘ಮೀನ್ ಆಫ್ ಗ್ರೇಡ್ಸ್’ ಆರಿಸಿದ್ದರೆ ಶೇಕಡ 100 ಮತ್ತು 40ರ ಸರಾಸರಿ 70, ಅಂದರೆ 17.5. ಉತ್ತರಪತ್ರಿಕೆ ಅದೇ, ಮೌಲ್ಯಮಾಪಕರೂ ಅವರೇ, ವ್ಯತ್ಯಾಸ ಆರಕ್ಕಿಂತ ಹೆಚ್ಚು ಅಂಕ.

ಇವನ್ನೆಲ್ಲ ಪತ್ತೆಹಚ್ಚಲು ಸರಳವಾದ ಪರೀಕ್ಷೆಯೊಂದಿದೆ, ಅದನ್ನು ಪ್ರತಿ ಅಧ್ಯಾಪಕರೂ ಕೋರ್ಸು ತೆರೆಯುವ ಮೊದಲೇ ಮಾಡಬೇಕೆಂಬುದು ನನ್ನ ಆಗ್ರಹ. ಹೆಸರಿಗಷ್ಟೇ ಒಂದು ವಿದ್ಯಾರ್ಥಿ ಖಾತೆಯನ್ನು ಸೇರಿಸಿ, ಅಸೈನ್‌ಮೆಂಟುಗಳಿಗೆಲ್ಲ ಪೂರ್ಣ ಅಂಕವನ್ನೂ ಪರೀಕ್ಷೆಗೆ ಸೊನ್ನೆಯನ್ನೂ ಕೊಡಿ. ಮೊತ್ತ ಕರಾರುವಾಕ್ಕಾಗಿ 25 ಬರಬೇಕು. ಅದಲುಬದಲು ಮಾಡಿದಾಗ 75 ಬರಬೇಕು. ಬಳಿಕ ಸೊನ್ನೆಯನ್ನು ಅಳಿಸಿ ಖಾಲಿ ಬಿಡಿ. ಮೊತ್ತ 100ಕ್ಕೆ ನೆಗೆದರೆ ಛೇದ ಕುಗ್ಗುತ್ತಿದೆ ಎಂದು ಕಣ್ಣಾರೆ ಕಾಣುತ್ತದೆ. ಕೊನೆಗೆ ಒಂದೊಂದೇ ಅಂಶಕ್ಕೆ ಪೂರ್ಣ ಅಂಕ ಕೊಟ್ಟು, ಉಳಿದವಕ್ಕೆಲ್ಲ ಸೊನ್ನೆ ತುಂಬಿ. ಪ್ರತಿ ಸಲವೂ ಪರದೆಯ ಮೇಲೆ ಬರುವ ಸಂಖ್ಯೆ ಆ ಅಂಶದ ನಿಜವಾದ ತೂಕ: ಮೇಲಿನ ಕ್ವಿಜ್ ‘ನ್ಯಾಚುರಲ್’ನಲ್ಲಿ 2.27 ಎಂದೂ ‘ಮೀನ್ ಆಫ್ ಗ್ರೇಡ್ಸ್’ನಲ್ಲಿ 12.5 ಎಂದೂ ತನ್ನನ್ನು ತಾನೇ ಹೇಳಿಕೊಳ್ಳುತ್ತದೆ.

ಇಷ್ಟು ಸರಿಯಾದ ಮೇಲೂ ಸರಾಸರಿಯ ಕೈಗೆ ಸಿಗದ ಒಂದು ನಿಯಮ ಉಳಿಯುತ್ತದೆ. ಎನ್‌ಪಿಟಿಇಎಲ್ ಪ್ರಮಾಣಪತ್ರಕ್ಕೆ ಅಸೈನ್‌ಮೆಂಟಿನಲ್ಲಿ 25ಕ್ಕೆ ಕನಿಷ್ಠ 10, ಪರೀಕ್ಷೆಯಲ್ಲಿ 75ಕ್ಕೆ ಕನಿಷ್ಠ 30 ಬೇಕು. ಹಾಗಾಗಿ 25 ಮತ್ತು 29 ಗಳಿಸಿ ಒಟ್ಟು 54 ಪಡೆದವರಿಗೆ ಪ್ರಮಾಣಪತ್ರವಿಲ್ಲ, 10 ಮತ್ತು 30 ಗಳಿಸಿ ಒಟ್ಟು 40 ಪಡೆದವರಿಗೆ ಇದೆ. ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಹೆಚ್ಚಳದಿಂದ ತುಂಬುವುದೇ ಸರಾಸರಿಯ ಸ್ವಭಾವವಾದ್ದರಿಂದ, ಈ ಕನಿಷ್ಠ ಮಿತಿಗಳನ್ನು ಒಟ್ಟು ಮೊತ್ತದ ಅಂಕಣದಲ್ಲಿ ಹುಡುಕಬಾರದು. ಎರಡು ವಿಭಾಗಗಳ ಮೊತ್ತವನ್ನು ಬೇರೆಬೇರೆಯಾಗಿ ತೆಗೆದು ಒಂದೊಂದನ್ನೂ ಅದರದರ ಮಿತಿಯೊಡನೆ ಹೋಲಿಸಬೇಕು.