‘ರಿಕೊ’: ಸಾಹುಕಾರನಿಗೂ ಸೂಪಿಗೂ ಒಂದೇ ಪದವಾ?

ಪ್ರಶ್ನೆ: ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ‘ರಿಕೊ’ ಅಂದರೆ ಶ್ರೀಮಂತ ಅಂತ ಪುಸ್ತಕದಲ್ಲಿದೆ. ಆದರೆ ಅಡುಗೆ ವಿಡಿಯೋ ಒಂದರಲ್ಲಿ ಒಬ್ಬಾಕೆ ಸೂಪ್ ಬಾಯಿಗಿಟ್ಟ ಕೂಡಲೇ ‘ಕೆ ರಿಕೊ!’ ಅಂದರು. ಸೂಪಿಗೆ ಎಲ್ಲಿಯ ಶ್ರೀಮಂತಿಕೆ?

ಪುಸ್ತಕವೂ ಸರಿ, ಆಕೆಯೂ ಸರಿ. ದುಡ್ಡಿದ್ದವನೂ ರಿಕೊ, ರುಚಿಯಾದದ್ದೂ ರಿಕೊ. ‘ಕೆ ರಿಕೊ’ ಅಂದರೆ ‘ಆಹಾ, ಏನು ರುಚಿ!’

ಯಾವ ಅರ್ಥ ಅಂತ ತಿಳಿಯಲು ಜೊತೆಗಿರುವ ಕ್ರಿಯಾಪದ ನೋಡಿ. ‘ಹುವಾನ್ ಎಸ್ ರಿಕೊ’ ಅಂದರೆ ಹುವಾನ್ ಸಾಹುಕಾರ. ‘ಲಾ ಸೋಪಾ ಎಸ್ತಾ ರಿಕಾ’ ಅಂದರೆ ಸೂಪ್ ರುಚಿಯಾಗಿದೆ. (ಸೋಪಾ ಸ್ತ್ರೀಲಿಂಗ, ಅದಕ್ಕೇ ರಿಕೊ ‘ರಿಕಾ’ ಆಯಿತು.) ‘ಎಸ್’ ಮತ್ತು ‘ಎಸ್ತಾ’ ನಡುವಿನ ಈ ವ್ಯತ್ಯಾಸ ಇಂಗ್ಲಿಷ್ ಮೂಲಕ ಕಲಿಯುವವರಿಗೆ ತಲೆನೋವು. ನಮಗೆ ಅಷ್ಟಿಲ್ಲ. ‘ಹುವಾನ್ ಸಾಹುಕಾರ’ ಅನ್ನುವಾಗ ನಾವು ‘ಇದ್ದಾನೆ’ ಸೇರಿಸಲ್ಲ, ‘ಸೂಪ್ ರುಚಿಯಾಗಿದೆ’ ಅನ್ನುವಾಗ ‘ಇದೆ’ ಬೇಕೇ ಬೇಕು, ಅಲ್ವಾ? ಆ ‘ಇದೆ’ ಇರುವ ಕಡೆ ‘ಎಸ್ತಾ’ ಹಾಕಿ ನೋಡಿ. ಎಲ್ಲ ಕಡೆ ಈ ಉಪಾಯ ನಡೆಯಲ್ಲ: ಮೆಕ್ಸಿಕೋ ಅಡುಗೆಯೇ ರುಚಿ ಅಂತ ಒಟ್ಟಾರೆ ಹೊಗಳುವಾಗ ‘ಎಸ್ ರಿಕಾ’ ಅಂತಲೇ ಹೇಳುತ್ತಾರೆ. ಆದರೆ ತಟ್ಟೆಯ ಮುಂದೆ ಕೂತಾಗ ‘ಎಸ್ತಾ’ ಕೈ ಕೊಡುವುದಿಲ್ಲ.

ಒಂದು ಎಚ್ಚರಿಕೆ. ಮನುಷ್ಯರ ಬಗ್ಗೆ ಮಾತ್ರ ‘ಎಸ್ತಾ ರಿಕೊ’, ‘ಎಸ್ತಾ ರಿಕಾ’ ಅನ್ನಬೇಡಿ. ಅದು ಪೋಲಿ ಮಾತಾಗುತ್ತದೆ. ಸ್ಪೇನ್‌ನಲ್ಲಿ ಪುಟ್ಟ ಮಕ್ಕಳನ್ನು ಮುದ್ದಿಗೆ ‘ಕೆ ರಿಕೊ’ ಅನ್ನುವುದುಂಟು, ಅದು ಬೇರೆ. ಲ್ಯಾಟಿನ್ ಅಮೆರಿಕದಲ್ಲಂತೂ ಸೆಕೆಯಲ್ಲಿ ತಂಗಾಳಿ ಬೀಸಿದರೂ ‘ಕೆ ರಿಕೊ’!

ಪದದ ಬೇರು ಇನ್ನೂ ಸ್ವಾರಸ್ಯ. ಇದು ಬಂದದ್ದು ಗೋಥಿಕ್ ಎಂಬ ಹಳೆಯ ಜರ್ಮಾನಿಕ್ ಭಾಷೆಯ ‘ರೀಕ್ಸ್’ನಿಂದ. ಅದಕ್ಕೆ ಬಲಶಾಲಿ, ಆಳುವವ ಅಂತ ಅರ್ಥ. ಲ್ಯಾಟಿನ್ನಿನ ‘ರೆಕ್ಸ್’, ಸಂಸ್ಕೃತದಿಂದ ನಮಗೆ ಬಂದ ‘ರಾಜ’ ಎಲ್ಲ ಅದೇ ಮನೆತನದವು. ಅಧಿಕಾರ ಇದ್ದವನ ಬಳಿ ದುಡ್ಡು, ದುಡ್ಡಿದ್ದವನ ತಟ್ಟೆಯಲ್ಲಿ ಒಳ್ಳೆ ಊಟ. ಅರ್ಥ ಹೀಗೇ ಜಾರಿರಬೇಕು ಅಂತ ನನ್ನ ಅಂದಾಜು.

ಹಾಗಾದರೆ ಕೋಸ್ಟರಿಕಾ? ಅದು ರುಚಿಯಾದ ಕರಾವಳಿ ಅಲ್ಲ, ಸಿರಿವಂತ ಕರಾವಳಿ. 1502ರಲ್ಲಿ ಕೊಲಂಬಸ್ ಅಲ್ಲಿ ಇಳಿದಾಗ ಸ್ಥಳೀಯರ ಮೈಮೇಲೆ ಬಂಗಾರ ಕಂಡಿತ್ತು. ಆಮೇಲೆ ಬಂದ ಸ್ಪೇನಿನವರು ಹುಡುಕಿದ್ದೇ ಬಂತು, ಆಸೆಪಟ್ಟಷ್ಟು ಚಿನ್ನ ಸಿಗಲಿಲ್ಲ. ಹೆಸರು ಮಾತ್ರ ಉಳಿಯಿತು.