ಸಮಾಜಕಾರ್ಯದ ಸ್ನಾತಕೋತ್ತರ ಓದು: ಅರ್ಜಿಗಿಂತ ಮೊದಲು ಹಣದ ಲೆಕ್ಕ

ಸಮಾಜಕಾರ್ಯ, ಗ್ರಾಮೀಣಾಭಿವೃದ್ಧಿ, ಸಾರ್ವಜನಿಕ ಆರೋಗ್ಯ, ಸಾರ್ವಜನಿಕ ನೀತಿ ಮುಂತಾದ ವಿಷಯಗಳಲ್ಲಿ ಸ್ನಾತಕೋತ್ತರ ಪದವಿ ಓದಬೇಕೆಂದು ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳ ಪದವಿ ಕಾಲೇಜುಗಳಿಂದ ನನ್ನಲ್ಲಿಗೆ ಸಲಹೆ ಕೇಳಿ ಬರುವವರಲ್ಲಿ ಬಹುಪಾಲು ಮಂದಿ, ಸೀಟು ಸಿಕ್ಕಿದೆ ಎಂಬ ಪತ್ರ ಕೈಗೆ ಬಂದ ಮೇಲೆಯೇ ಬರುತ್ತಾರೆ. ಇಷ್ಟು ದಿನದೊಳಗೆ ಮೊದಲ ಕಂತು ಕಟ್ಟಬೇಕು, ಹಣ ಎಲ್ಲಿಂದ ಹೊಂದಿಸುವುದು ಎಂಬುದು ಅವರ ಪ್ರಶ್ನೆ. ಆ ಹೊತ್ತಿಗೆ ಹಣ ದೊರೆಯಬಹುದಾಗಿದ್ದ ಹಾದಿಗಳಲ್ಲಿ ಅರ್ಧದಷ್ಟು ಮುಚ್ಚಿರುತ್ತವೆ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ, ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಕಳೆದಿರುತ್ತದೆ, ಬ್ಯಾಂಕಿನವರು ಇನ್ನೊಂದು ದಾಖಲೆ ತನ್ನಿ ಎಂದು ಹಿಂದಕ್ಕೆ ಕಳಿಸಿರುತ್ತಾರೆ. ಹೀಗಾಗಿ ಪ್ರವೇಶದ ಕೆಲಸವನ್ನೂ ಹಣದ ಕೆಲಸವನ್ನೂ ಒಂದೇ ದಿನ ಶುರು ಮಾಡಬೇಕು. ಹಣದ ಲೆಕ್ಕವನ್ನಂತೂ ಓದು ಮುಗಿದ ಮೇಲೆ ಬರುವ ಮೊದಲ ಸಂಬಳದಿಂದ ಹಿಂದಕ್ಕೆ ಹಾಕಿಕೊಂಡು ಬರಬೇಕು.

ಸಂಬಳದಿಂದ ಏಕೆ ಎಂದರೆ, ಈ ಕ್ಷೇತ್ರದ ಶುಲ್ಕ ಏರಿದಷ್ಟು ವೇಗವಾಗಿ ಸಂಬಳ ಏರಿಲ್ಲ. ಕುಷ್ಟಗಿ ಕಡೆಯ ಒಬ್ಬ ತಂದೆ ಮಗನ ಜೊತೆ ಬಂದು ಕುಳಿತವರು ನನ್ನ ಮಾತೆಲ್ಲ ಕೇಳಿಸಿಕೊಂಡ ಮೇಲೆ ಒಂದೇ ಪ್ರಶ್ನೆ ಕೇಳಿದರು: "ಇದನ್ನ ಓದಿದ್ರ ಪಗಾರ ಎಷ್ಟ್ ಬರ್ತೈತ್ರಿ ಸರ?" ಮಗನಿಗೆ ಮುಜುಗರವಾಯಿತು. ಆದರೆ ಅಂದು ಆ ಕೋಣೆಯಲ್ಲಿ ಕೇಳಿಬಂದ ಪ್ರಶ್ನೆಗಳಲ್ಲಿ ಅತ್ಯಂತ ಸರಿಯಾದದ್ದು ಅದೇ ಆಗಿತ್ತು.

ಒಂದು ಲೆಕ್ಕವನ್ನು ಬಿಡಿಸಿ ನೋಡೋಣ. ಎರಡು ವರ್ಷದ ಕೋರ್ಸಿಗೆ 5 ಲಕ್ಷ ರೂಪಾಯಿ ಸಾಲ, ಬಡ್ಡಿ ಶೇ 10, ಅರ್ಧ ಹಣ ಮೊದಲ ವರ್ಷದ ಆರಂಭದಲ್ಲಿ, ಉಳಿದರ್ಧ ಎರಡನೆಯ ವರ್ಷದ ಆರಂಭದಲ್ಲಿ ಬಿಡುಗಡೆಯಾಗುತ್ತದೆ ಎಂದಿಟ್ಟುಕೊಳ್ಳಿ. ಶೈಕ್ಷಣಿಕ ಸಾಲಕ್ಕೆ ಸಾಮಾನ್ಯವಾಗಿ ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟುವುದರಿಂದ ವಿನಾಯಿತಿ ಇರುತ್ತದೆ. ವಿನಾಯಿತಿ ಇರುವುದು ಕಂತಿಗೇ ಹೊರತು ಬಡ್ಡಿಗಲ್ಲ ಎಂಬುದನ್ನು ಬಹಳಷ್ಟು ಕುಟುಂಬಗಳು ಗಮನಿಸುವುದಿಲ್ಲ. ಮೂರು ವರ್ಷ ಮುಗಿಯುವಾಗ ಸರಳ ಬಡ್ಡಿಯೇ 1.25 ಲಕ್ಷವಾಗಿ, ಅಸಲಿಗೆ ಸೇರಿ, ಸಾಲ 6.25 ಲಕ್ಷಕ್ಕೆ ನಿಂತಿರುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 8,260 ರೂಪಾಯಿ ಕಟ್ಟಬೇಕು. ಓದುವಾಗಲೇ ಆಯಾ ತಿಂಗಳ ಬಡ್ಡಿಯನ್ನು, ಎಂದರೆ ಮೊದಲ ವರ್ಷ ತಿಂಗಳಿಗೆ 2,083 ರೂಪಾಯಿಯನ್ನೂ ಆಮೇಲೆ 4,167 ರೂಪಾಯಿಯನ್ನೂ ಮನೆಯವರು ಕಟ್ಟುತ್ತಾ ಬಂದರೆ ಕಂತು 6,607 ರೂಪಾಯಿಗೆ ಇಳಿಯುತ್ತದೆ. ಮೊದಲ ಸಂಬಳ 20 ಸಾವಿರ ಎಂದಾದರೆ, ಬಾಡಿಗೆ ಮತ್ತು ಊಟದ ಖರ್ಚು ಕಳೆದು, ಊರಿಗೂ ಒಂದಿಷ್ಟು ಕಳಿಸಬೇಕಾದ ಹುಡುಗನಿಗೆ ಈ ಎರಡರಲ್ಲಿ ಯಾವ ಕಂತೂ ಹಗುರವಲ್ಲ. ನಾನು ಹೇಳುವ ಮಿತಿ ಸಂಬಳದ ಐದನೆಯ ಒಂದು ಭಾಗ. 20 ಸಾವಿರಕ್ಕೆ ಅದು 4 ಸಾವಿರ, ಆ ಕಂತಿಗೆ ತಕ್ಕ ಸಾಲ ಬಡ್ಡಿ ಸೇರಿ 3 ಲಕ್ಷ. ಅದಕ್ಕೂ ಹೆಚ್ಚು ಸಾಲ ಮಾಡಿದವರು ಬರುವ ಮೊದಲ ಅವಕಾಶದಲ್ಲೇ ಕಾರ್ಪೊರೇಟ್ ಕೆಲಸಕ್ಕೆ ಹೋಗುವುದನ್ನು ಕಂಡಿದ್ದೇನೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ದೇವದುರ್ಗದಲ್ಲೋ ಸಂಡೂರಿನಲ್ಲೋ ಕೆಲಸ ಮಾಡುತ್ತೇನೆಂದು ಹೊರಟವರು ಅಲ್ಲಿಗೆ ಮರಳಲಾರದ ಸ್ಥಿತಿಯನ್ನು ತಾವೇ ತಂದುಕೊಂಡಂತಾಗುತ್ತದೆ.

ಈ ಮಿತಿಯನ್ನು ಮುಂದಿಟ್ಟುಕೊಂಡರೆ ಯಾವ ಸಂಸ್ಥೆ ಎಂಬ ಪ್ರಶ್ನೆ ತಾನಾಗಿ ಸ್ವಲ್ಪ ಸರಳವಾಗುತ್ತದೆ. ಮನೆಯ ಹತ್ತಿರ, ಕಡಿಮೆ ಶುಲ್ಕದಲ್ಲಿ ಓದುವವರಿಗೆ 2010ರಲ್ಲಿ ಸ್ಥಾಪನೆಯಾದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ವಿಭಾಗವಿದೆ; ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ; ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಇವುಗಳನ್ನು 'ಕೊನೆಗೆ ಇದ್ದೇ ಇದೆ' ಎಂಬಂತೆ ನೋಡುವ ರೂಢಿ ನನಗೆ ಒಪ್ಪಿಗೆಯಿಲ್ಲ. ಸಮಾಜಕಾರ್ಯದ ಓದಿನಲ್ಲಿ ಕ್ಷೇತ್ರಕಾರ್ಯ ಮುಖ್ಯವಾದ ಭಾಗ, ಮತ್ತು ಕೆಲಸ ಮಾಡಬೇಕಾದ ಊರುಗಳ ನಡುವೆಯೇ ಅದನ್ನು ಮಾಡುವವರಿಗೆ ಓದು ಮುಗಿಯುವ ಮೊದಲೇ ಪರಿಚಯಗಳು ಬೆಳೆದಿರುತ್ತವೆ.

ಹೊರಗೆ ಹೋಗುವವರು ಹೆಚ್ಚಾಗಿ ಕೇಳುವ ಹೆಸರುಗಳು ಎರಡು. 1936ರಲ್ಲಿ ಆರಂಭವಾದ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಎಂದರೆ ಟಿಸ್, 2024ರಿಂದ ತನ್ನದೇ ಪ್ರವೇಶ ಪರೀಕ್ಷೆಯನ್ನು ಬಿಟ್ಟು ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆಯ ಅಂಕಗಳ ಮೇಲೆ ಸ್ನಾತಕೋತ್ತರ ಪ್ರವೇಶ ಕೊಡುತ್ತಿದೆ. ಈ ಪರೀಕ್ಷೆಗೆ ಸಾಮಾನ್ಯವಾಗಿ ಡಿಸೆಂಬರ್-ಜನವರಿಯಲ್ಲಿ ಅರ್ಜಿ ಕರೆದು ಮಾರ್ಚ್‌ನಲ್ಲಿ ಪರೀಕ್ಷೆ ನಡೆಸುತ್ತಾರೆ. ಪದವಿಯ ಕೊನೆಯ ಸೆಮಿಸ್ಟರ್ ಮುಗಿದ ಮೇಲೆ ವಿಚಾರಿಸಿದರಾಯಿತು ಎನ್ನುವ ನಮ್ಮ ವಿದ್ಯಾರ್ಥಿಗಳು ಒಂದು ಇಡೀ ವರ್ಷ ಕಳೆದುಕೊಳ್ಳುವುದು ಇಲ್ಲಿಯೇ. ಭಾಷಾ ವಿಷಯಗಳನ್ನು ಬಿಟ್ಟರೆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದನ್ನು ಲೆಕ್ಕಕ್ಕೆ ಹಿಡಿದು ದಸರೆಯ ಹೊತ್ತಿಗಾದರೂ ತಯಾರಿ ಆರಂಭಿಸಬೇಕು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ತನ್ನದೇ ಪ್ರವೇಶ ಪರೀಕ್ಷೆ ಮತ್ತು ಸಂದರ್ಶನದ ಮೂಲಕ ಆಯ್ಕೆ ಮಾಡುತ್ತದೆ. ಅದರ ಪ್ರಕಟಿತ ಶುಲ್ಕ ನೋಡಿ ಹೆದರಿ ಅರ್ಜಿಯನ್ನೇ ಹಾಕದವರು ನಮ್ಮಲ್ಲಿ ಬಹಳ. ಅಲ್ಲಿ ಕುಟುಂಬದ ಆದಾಯ ನೋಡಿ ಭಾಗಶಃ ಅಥವಾ ಪೂರ್ಣ ಆರ್ಥಿಕ ನೆರವು ಕೊಡುವ ವ್ಯವಸ್ಥೆ ಇದೆ, ಹೀಗಾಗಿ ನಿಜವಾಗಿ ಕಟ್ಟಬೇಕಾದ ಹಣ ಎಷ್ಟೆಂಬುದು ನೆರವಿನ ಪತ್ರ ಬಂದ ಮೇಲೆಯೇ ತಿಳಿಯುತ್ತದೆ. ವರ್ಗೀಸ್ ಕುರಿಯನ್ ಅವರು 1979ರಲ್ಲಿ ಗುಜರಾತಿನ ಆನಂದ್ ಪಟ್ಟಣದಲ್ಲಿ ಕಟ್ಟಿದ ಇರ್ಮಾ ಸಂಸ್ಥೆ ಬೇರೆಯದೇ ಬಗೆ. ಅದು ಗ್ರಾಮೀಣ ನಿರ್ವಹಣೆಯ ಓದು, ಶುಲ್ಕವೂ ನಿರ್ವಹಣಾ ಸಂಸ್ಥೆಗಳ ಮಟ್ಟದ್ದು. ಮೇಲಿನ ಮಿತಿ ಅಲ್ಲಿಗೆ ಹೊಂದುವುದಿಲ್ಲ.

ಇನ್ನು ಕಾಗದಪತ್ರಗಳು. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಪಡೆಯುವುದು ಎಲ್ಲರಿಗೂ ಗೊತ್ತು. ಅದರ ಆರ್‌ಡಿ ಸಂಖ್ಯೆಯೇ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಎಂದರೆ ಎಸ್‌ಎಸ್‌ಪಿಯಲ್ಲಿ, ನಮೂದಾಗುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ ಹೆಸರಿದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಅದಕ್ಕಿಂತಲೂ ಕಣ್ಣಿಗೆ ಕಾಣದ ತೊಡಕು ಬ್ಯಾಂಕ್ ಖಾತೆಯದು. ನೇರ ವರ್ಗಾವಣೆಯ ಹಣ ನೀವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ, ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ದಾಖಲೆಯಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಹೈಸ್ಕೂಲಿನಲ್ಲಿ ತೆರೆದು ಮರೆತ ಖಾತೆಯೊಂದಕ್ಕೆ ಹಣ ಜಮೆಯಾಗಿ, ಇತ್ತ ವಿದ್ಯಾರ್ಥಿವೇತನ ಬಂದಿಲ್ಲ ಎಂದು ಇಲಾಖೆಯ ಬಾಗಿಲಿಗೆ ಅಲೆಯುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಪರಿಶಿಷ್ಟ ಜಾತಿ ಮತ್ತು ಪಂಗಡದ, ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರದ ಕುಟುಂಬಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವೇ ಮೊದಲ ಆಸರೆ. ಹೊರರಾಜ್ಯದಲ್ಲಿ ಓದಿದರೂ ಅದನ್ನು ಕೊಡುವುದು ವಿದ್ಯಾರ್ಥಿಯ ಸ್ವಂತ ರಾಜ್ಯ. ಆದ್ದರಿಂದ ಮುಂಬೈಗೆ ಹೋದೆನೆಂದು ಅರ್ಜಿ ಬಿಡಬಾರದು. ಆದರೆ ಹಣ ತಡವಾಗಿ ಬರುತ್ತದೆ, ಸಂಸ್ಥೆ ಶುಲ್ಕವನ್ನು ಮೊದಲೇ ಕೇಳುತ್ತದೆ. ಈ ನಡುವಿನ ತಿಂಗಳುಗಳಲ್ಲಿ ಕೈಸಾಲ ಮಾಡಿ ಕೆಟ್ಟವರಿದ್ದಾರೆ. ಶುಲ್ಕವನ್ನು ವಿದ್ಯಾರ್ಥಿವೇತನ ಬರುವವರೆಗೆ ಮುಂದೂಡುವಿರಾ ಎಂದು ಪ್ರವೇಶ ವಿಭಾಗಕ್ಕೆ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಮುದ್ರಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಫೋನಿನಲ್ಲಿ ಸಿಕ್ಕ ಭರವಸೆ ಲೆಕ್ಕ ವಿಭಾಗದ ಕಿಟಕಿಯ ಮುಂದೆ ನಿಲ್ಲುವುದಿಲ್ಲ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೀಟು ಪಡೆದ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಈ ವಿದ್ಯಾರ್ಥಿವೇತನ ಸಿಗುವುದಿಲ್ಲ ಎಂಬುದನ್ನು ಸೀಟು ಒಪ್ಪಿಕೊಳ್ಳುವ ಮೊದಲೇ ತಿಳಿದಿರಬೇಕು.

ಸಂವಿಧಾನದ 371 ಜೆ ಕಲಂ ಅನ್ವಯ ನಮ್ಮ ಭಾಗದವರಿಗೆ ಕಲ್ಯಾಣ ಕರ್ನಾಟಕದೊಳಗಿನ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ಮೀಸಲಿದೆ. ಉಪವಿಭಾಗದ ಸಹಾಯಕ ಆಯುಕ್ತರಿಂದ ಸ್ಥಳೀಯ ವ್ಯಕ್ತಿ ಪ್ರಮಾಣಪತ್ರ ಮಾಡಿಸಿಟ್ಟುಕೊಂಡರೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಇದು ಕೆಲಸಕ್ಕೆ ಬರುತ್ತದೆ. ಟಿಸ್‌ನಂಥ ಹೊರರಾಜ್ಯದ ಸಂಸ್ಥೆಗಳಿಗೆ ಇದು ಅನ್ವಯಿಸದು.

ಸಾಲ ಬೇಕೇ ಬೇಕು ಎಂದಾದಾಗ 4 ಲಕ್ಷದವರೆಗೆ ಬ್ಯಾಂಕು ಆಸ್ತಿ ಅಡಮಾನ ಕೇಳುವಂತಿಲ್ಲ ಎಂಬುದನ್ನು ತಿಳಿದು ಶಾಖೆಯ ಮೆಟ್ಟಿಲು ಹತ್ತಬೇಕು. ಹೊಲದ ಪಹಣಿ ತನ್ನಿ ಎಂದಾಗ ಸುಮ್ಮನೆ ತಂದುಕೊಟ್ಟ ರೈತರಿದ್ದಾರೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಡಿ, ಆಯ್ದ ಪಟ್ಟಿಯಲ್ಲಿರುವ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹತೆಯ ಮೇಲೆ ಸೀಟು ಪಡೆದವರಿಗೆ ಅಡಮಾನವೂ ಜಾಮೀನುದಾರರೂ ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ವಿನಾಯಿತಿ ಅವಧಿಯಲ್ಲಿ ಶೇ 3ರಷ್ಟು ಬಡ್ಡಿ ರಿಯಾಯಿತಿಯೂ ಇದೆ. ನಿಮ್ಮ ಸಂಸ್ಥೆ ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಪೋರ್ಟಲ್‌ನಲ್ಲಿಯೇ ನೋಡಬಹುದು.

ಅರ್ಜಿಯ ಜೊತೆ ಕೇಳುವ ಉದ್ದೇಶ ಹೇಳಿಕೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಮ್ಮ ವಿದ್ಯಾರ್ಥಿಗಳು ತಮ್ಮಲ್ಲಿರುವ ಹೆಚ್ಚಿನದನ್ನು ಬಚ್ಚಿಡುವುದು ಅಲ್ಲಿಯೇ. ಮಾನ್ವಿ ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬಳು ತಂದ ಮೊದಲ ಕರಡು "ಬಾಲ್ಯದಿಂದಲೂ ಸಮಾಜಸೇವೆ ಮಾಡಬೇಕೆಂಬ ಹಂಬಲ ನನ್ನಲ್ಲಿದೆ" ಎಂದು ಆರಂಭವಾಗಿ, ಮಹಾತ್ಮರ ಮಾತೊಂದರ ಜೊತೆ ಮುಗಿದಿತ್ತು. ನಡುವೆ ಅವಳ ಊರೇ ಇರಲಿಲ್ಲ. ಕೇಳುತ್ತಾ ಹೋದಂತೆ ತಿಳಿದದ್ದು ಇಷ್ಟು: ಸುಗ್ಗಿ ಮುಗಿದ ಮೇಲೆ ಅವಳ ತಂದೆತಾಯಿ ಬೆಂಗಳೂರಿಗೆ ಗುಳೆ ಹೋಗುತ್ತಿದ್ದರು, ಅಜ್ಜಿಯ ಜೊತೆ ಉಳಿದ ಅವಳು ಓಣಿಯವರಿಗೆ ಉದ್ಯೋಗ ಖಾತ್ರಿ ಕೆಲಸ ಕೇಳುವ ನಮೂನೆ 6 ತುಂಬಿಕೊಡುತ್ತಿದ್ದಳು. ಅರ್ಜಿ ಪಡೆದ ಪಂಚಾಯಿತಿಯವರು ದಿನಾಂಕ ಹಾಕಿದ ರಸೀದಿ ಕೊಡುತ್ತಿರಲಿಲ್ಲ. ರಸೀದಿ ಇಲ್ಲದಿದ್ದರೆ ಹದಿನೈದು ದಿನದೊಳಗೆ ಕೆಲಸ ಕೊಡಬೇಕೆಂಬ ಲೆಕ್ಕ ಶುರುವಾಗುವುದೇ ಇಲ್ಲ, ನಿರುದ್ಯೋಗ ಭತ್ಯೆ ಕೇಳಲೂ ಆಗುವುದಿಲ್ಲ ಎಂಬುದನ್ನು ಅವಳು ಯಾರೂ ಹೇಳಿಕೊಡದೆ ಕಂಡುಕೊಂಡಿದ್ದಳು. ಕಾನೂನು ಇದ್ದೂ ಅದು ಒಂದು ಚೀಟಿಯ ಮೇಲೆ ನಿಂತುಹೋಗುವುದು ಹೇಗೆ ಎಂಬ ಪ್ರಶ್ನೆಯನ್ನೇ ಇಟ್ಟುಕೊಂಡು ಎರಡನೆಯ ಕರಡು ಬರೆದಳು, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿಗೆ. ಸಂದರ್ಶನದಲ್ಲಿ ಅವಳಿಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಅದರ ಸುತ್ತಲೇ ಇದ್ದವು, ಉತ್ತರವಂತೂ ಅವಳ ಬಾಯಲ್ಲೇ ಇತ್ತು.

ತುಂಗಭದ್ರಾ ಕಾಲುವೆಯ ಕೊನೆ ಭಾಗಕ್ಕೆ ನೀರು ಬಾರದ ಊರು, ಗಣಿ ಲಾರಿಗಳು ಓಡಾಡುವ ರಸ್ತೆಯ ಪಕ್ಕದ ಶಾಲೆ, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ದುಡಿಯುವ ಅಕ್ಕಂದಿರು, ಇವೆಲ್ಲ ನಮ್ಮವರು ಕಂಡು ಬೆಳೆದ ಸಂಗತಿಗಳು. ಕಷ್ಟದ ಕತೆಯಾಗಿ ಹೇಳಿದರೆ ಓದುವವರಿಗೆ ಕನಿಕರ ಹುಟ್ಟಬಹುದು, ಸೀಟು ಹುಟ್ಟುವುದಿಲ್ಲ. ಯಾವುದು ಹೇಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬರೆಯಬೇಕು. ಶಿಫಾರಸು ಪತ್ರಕ್ಕೂ ಇದೇ ಮಾತು: ಪ್ರಾಂಶುಪಾಲರು ಸಹಿ ಹಾಕಿದ ನಾಲ್ಕು ಸಾಲಿಗಿಂತ, ನಿಮ್ಮ ಕೆಲಸ ನೋಡಿದ ಉಪನ್ಯಾಸಕರು ಬರೆದ ಒಂದು ಪುಟ ಮೇಲು.

ವಿದೇಶದ ಆಸೆ ಇರುವವರಿಗೆ ಪದವಿ ಮುಗಿದ ಕೂಡಲೇ ಹೊರಡಬೇಡಿ ಎಂದೇ ಹೇಳುತ್ತೇನೆ. ಬ್ರಿಟನ್ ಸರ್ಕಾರದ ಚೆವನಿಂಗ್ ವಿದ್ಯಾರ್ಥಿವೇತನಕ್ಕೆ ಕನಿಷ್ಠ ಎರಡು ವರ್ಷದ ಕೆಲಸದ ಅನುಭವ ಬೇಕು, ಅಮೆರಿಕದ ಫುಲ್‌ಬ್ರೈಟ್-ನೆಹರೂ ಸ್ನಾತಕೋತ್ತರ ಫೆಲೋಶಿಪ್‌ಗೆ ಮೂರು ವರ್ಷ. ಇಲ್ಲಿಯ ಒಂದು ಸಂಸ್ಥೆಯಲ್ಲಿ ದುಡಿದ ಆ ವರ್ಷಗಳು ಅರ್ಜಿಗೂ ಬೇಕು, ಯಾವ ವಿಷಯ ಓದಬೇಕೆಂಬ ತೀರ್ಮಾನಕ್ಕೂ ಬೇಕು. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯಗಳು, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ, ವಾರ್ಷಿಕ 125 ಸ್ಥಾನಗಳು, ಕುಟುಂಬದ ಆದಾಯ ಮಿತಿ 8 ಲಕ್ಷ. ಆದರೆ 2022ರ ಮಾರ್ಗಸೂಚಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತವನ್ನು ಕುರಿತ ಸಾಮಾಜಿಕ ಅಧ್ಯಯನದ ವಿಷಯಗಳನ್ನು ಅದರಿಂದ ಹೊರಗಿಟ್ಟಿತು. ತನ್ನ ಸಮುದಾಯದ ಬಗ್ಗೆಯೇ ಸಂಶೋಧನೆ ಮಾಡಲು ಹೊರಟವರಿಗೆ ಬಾಗಿಲು ಮುಚ್ಚುವ ಈ ನಿಯಮ ನನಗೆ ಸರಿ ಕಾಣುವುದಿಲ್ಲ. ಸದ್ಯಕ್ಕೆ ಅರ್ಜಿದಾರರು ಮಾಡಬಹುದಾದದ್ದು, ಆಯ್ದ ಕೋರ್ಸಿನ ವಿಷಯ ಆ ವ್ಯಾಪ್ತಿಗೆ ಬರುತ್ತದೆಯೇ ಎಂದು ಆಯಾ ವರ್ಷದ ಮಾರ್ಗಸೂಚಿಯನ್ನು ಓದಿ ನೋಡಿ, ಆಮೇಲೆ ವಿಶ್ವವಿದ್ಯಾಲಯದ ಅರ್ಜಿ ಶುಲ್ಕ ಕಟ್ಟುವುದು.

ಎರಡು ಕಡೆ ಸೀಟು ಸಿಕ್ಕಿ ಒಂದನ್ನು ಬಿಡಬೇಕಾದಾಗ ವಿಶ್ವವಿದ್ಯಾಲಯ ಅನುದಾನ ಆಯೋಗ, ಎಂದರೆ ಯುಜಿಸಿ, ಆಯಾ ವರ್ಷ ಪ್ರಕಟಿಸುವ ಶುಲ್ಕ ಮರುಪಾವತಿಯ ದಿನಾಂಕಗಳನ್ನು ನೋಡಿಕೊಂಡು, ಲಿಖಿತವಾಗಿ ರದ್ದತಿ ಕೋರಿ, ಸ್ವೀಕೃತಿ ಪಡೆಯಿರಿ. ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ಮರಳಿಸಬೇಕೇ ಹೊರತು ತನ್ನ ಬಳಿ ಇಟ್ಟುಕೊಳ್ಳುವ ಅಧಿಕಾರ ಯಾವ ಸಂಸ್ಥೆಗೂ ಇಲ್ಲವೆಂದು ಯುಜಿಸಿ 2018ರಲ್ಲಿಯೇ ಅಧಿಸೂಚನೆ ಹೊರಡಿಸಿದೆ. ಅದರ ಪ್ರತಿಯೊಂದನ್ನು ಕಡತದಲ್ಲಿ ಇಟ್ಟುಕೊಂಡೇ ಪ್ರವೇಶಕ್ಕೆ ಹೋಗುವುದು ಮೇಲು.