ಎಕ್ಸಿಮಾಗೆ ಮುಲಾಮು ಸಾಲದು ಎಂದು ಹೇಳುವುದು ಯಾವಾಗ?

ಪ್ರಶ್ನೆ: ನನಗೆ 36 ವರ್ಷ. ಚಿಕ್ಕಂದಿನಿಂದ ಎಕ್ಸಿಮಾ ಇದೆ. ಎರಡು ವರ್ಷಗಳಿಂದ ತೋಳು, ಕುತ್ತಿಗೆಯಲ್ಲಿ ಉಲ್ಬಣಿಸಿದೆ. ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ಇಳಿಯುತ್ತದೆ, ಬಿಟ್ಟ ವಾರದಲ್ಲೇ ಮರಳುತ್ತದೆ. ತುರಿಕೆಗೆ ರಾತ್ರಿ ನಿದ್ದೆಯಿಲ್ಲ. ಮಾತ್ರೆ, ಚುಚ್ಚುಮದ್ದು ಶುರುಮಾಡುವ ಹೊತ್ತು ಬಂದಿದೆಯೇ?

ಉತ್ತರ: ಬಂದಿರಬಹುದು. ಆದರೆ ಮೊದಲು ಹೇಳಿ, ನಿಮ್ಮ 30 ಗ್ರಾಂ ಟ್ಯೂಬು ಎಷ್ಟು ದಿನ ಬರುತ್ತದೆ? ತೋರುಬೆರಳಿನ ಕೊನೆಯ ಗೆಣ್ಣಿನ ಉದ್ದಕ್ಕೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಅದು, ಬೆರಳುಗಳೂ ಸೇರಿ, ಎರಡು ಅಂಗೈಯಷ್ಟು ಚರ್ಮಕ್ಕೆ ಸಾಕು. ಹಸ್ತವೂ ಸೇರಿ ಇಡೀ ತೋಳಿಗೆ ಇಂಥ ನಾಲ್ಕು ಅಳತೆ ಬೇಕು. ಎರಡೂ ತೋಳಿನ ತುಂಬ ಎಕ್ಸಿಮಾ ಇದ್ದರೆ ಒಂದು ಸಲಕ್ಕೆ 4 ಗ್ರಾಂ. ದಿನಕ್ಕೊಮ್ಮೆ ಹಚ್ಚಿದರೂ ಎಂಟನೆಯ ದಿನ ಟ್ಯೂಬು ಬರಿದಾಗಬೇಕು. ಸ್ಟೀರಾಯ್ಡ್ ಎಂಬ ಹೆಸರಿಗೇ ಹೆದರಿ ಒಂದು ಟ್ಯೂಬನ್ನು ಮೂರು ತಿಂಗಳು ಎಳೆಯುವವರು ಬಹಳ. ಅಲ್ಲಿ ಸೋತದ್ದು ಔಷಧವಲ್ಲ, ಅಳತೆ. ಬಿಟ್ಟ ಕೂಡಲೇ ಮರಳುವವರಿಗೆ, ಚರ್ಮ ತಿಳಿಯಾದ ಮೇಲೂ ಹಳೆಯ ಜಾಗಗಳಿಗೆ ವಾರಕ್ಕೆರಡು ದಿನ ಮುಲಾಮು ಮುಂದುವರಿಸುವ ಕ್ರಮವಿದೆ. ಕುತ್ತಿಗೆಯ ತೆಳು ಚರ್ಮಕ್ಕೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮು ಇದೆ.

ಇನ್ನೊಂದು, ಇದು ಎಕ್ಸಿಮಾವೇ ಹೌದೇ ಎಂದು ಮತ್ತೆ ನೋಡಬೇಕು. ಹಳೆಯ ರೋಗ ಹೊಸದಾಗಿ ಕೆರಳಿದಾಗ, ಹಚ್ಚುವ ಕ್ರೀಮಿಗೇ ಅಲರ್ಜಿಯಾಗಿರಬಹುದು; ಅನುಮಾನದ ವಸ್ತುಗಳನ್ನು ಚರ್ಮಕ್ಕೆ ಅಂಟಿಸಿ ನೋಡುವ ಪ್ಯಾಚ್ ಪರೀಕ್ಷೆಯಲ್ಲಿ ಅದು ತಿಳಿಯುತ್ತದೆ. ಸೋಂಕು, ತುರಿಕಜ್ಜಿ, ಅಪರೂಪಕ್ಕೆ ಚರ್ಮದ ಲಿಂಫೋಮಾ ಎಂಬ ಕ್ಯಾನ್ಸರ್ ಕೂಡ ಎಕ್ಸಿಮಾದ ವೇಷದಲ್ಲಿ ಬರುತ್ತವೆ.

ಇಷ್ಟೂ ಸರಿಯಿದ್ದು ರೋಗ ಬಗ್ಗದಿದ್ದರೆ ಕಾಯಬೇಡಿ. 'ಇನ್ನೂ ಸ್ವಲ್ಪ ಚೆನ್ನಾಗಿ ಹಚ್ಚಿ' ಎಂದು ರೋಗಿಯನ್ನೇ ದೂರುತ್ತ ವರ್ಷಗಳನ್ನು ಕಳೆಯುವುದು, ಆತುರಪಟ್ಟು ಮಾತ್ರೆ ಬರೆಯುವುದಕ್ಕಿಂತ ಸಣ್ಣ ತಪ್ಪೇನಲ್ಲ. ರೋಗ ಎಷ್ಟು ಅಗಲಕ್ಕೆ ಹರಡಿದೆ ಎಂಬುದೊಂದೇ ಲೆಕ್ಕವಲ್ಲ. ಅಂಗೈ ಬಿರಿದು ಪೆನ್ನು ಹಿಡಿಯಲಾಗದವರ ಎಕ್ಸಿಮಾ ದೇಹದ ನೂರರಲ್ಲಿ ಎರಡು ಪಾಲಿದ್ದರೂ ತೀವ್ರವೇ. 'ಪೋಯೆಮ್' ಎಂಬ ಏಳು ಪ್ರಶ್ನೆಗಳ ಪಟ್ಟಿಯನ್ನು ನೀವೇ ತುಂಬಬಹುದು: ಕಳೆದ ವಾರ ಎಷ್ಟು ದಿನ ತುರಿಕೆ, ಎಷ್ಟು ರಾತ್ರಿ ನಿದ್ದೆಗೆಟ್ಟಿತು, ಎಷ್ಟು ದಿನ ರಕ್ತ ಒಸರಿತು ಇತ್ಯಾದಿ. ಒಟ್ಟು 28 ಅಂಕ. 17 ಮುಟ್ಟಿದರೆ ತೀವ್ರ. ಕೆಲಸ, ಮನಸ್ಸು, ದಾಂಪತ್ಯದ ಮೇಲಾದ ಪೆಟ್ಟು ಈ ಪಟ್ಟಿಯಲ್ಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಬೇಕು.

ಮಾತ್ರೆಗೆ ಮುನ್ನ, ಚರ್ಮಕ್ಕೆ ಅತಿನೇರಳೆ ಕಿರಣ ಹಾಯಿಸುವ ಬೆಳಕಿನ ಚಿಕಿತ್ಸೆಯನ್ನು ವೈದ್ಯರು ಸೂಚಿಸಬಹುದು. ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ ಹೋಗಬೇಕಾದ್ದರಿಂದ ಎಲ್ಲರಿಗೂ ಆಗದು.

ನುಂಗುವ, ಚುಚ್ಚಿಸಿಕೊಳ್ಳುವ ಔಷಧಗಳಲ್ಲಿ, ದೇಹದ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಸೈಕ್ಲೊಸ್ಪೊರಿನ್ ಬೇಗ ಹಿಡಿಯುತ್ತದೆ, ಆದರೆ ರಕ್ತದೊತ್ತಡ, ಮೂತ್ರಪಿಂಡದ ಮೇಲೆ ಕಣ್ಣಿಡಬೇಕು. ಮೆಥೊಟ್ರೆಕ್ಸೇಟ್ ನಿಧಾನಿ, ವಾರಕ್ಕೊಮ್ಮೆ ಮಾತ್ರ. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಗರ್ಭಿಣಿಯರಿಗೆ ಅದು ಸಲ್ಲದು. ಡುಪಿಲುಮ್ಯಾಬ್ ಚುಚ್ಚುಮದ್ದಿಗೆ ಪದೇಪದೇ ರಕ್ತಪರೀಕ್ಷೆ ಬೇಡ, ಕೆಲವರಿಗೆ ಕಣ್ಣು ಕೆಂಪಾಗುತ್ತದೆ. ಉಪಾಡಸಿಟಿನಿಬ್‌ನಂಥ ಜಾಕ್ ಮಾತ್ರೆಗಳು (ಉರಿಯೂತದ ಸಂದೇಶ ಸಾಗಿಸುವ 'ಜಾಕ್' ಕಿಣ್ವಗಳನ್ನು ತಡೆಯುವಂಥವು) ತುರಿಕೆಯನ್ನು ಕೆಲವೇ ದಿನಗಳಲ್ಲಿ ತಗ್ಗಿಸಬಲ್ಲವು. ಆದರೆ 65 ದಾಟಿದವರು, ಧೂಮಪಾನಿಗಳು, ಹೃದ್ರೋಗ ಅಥವಾ ರಕ್ತ ಹೆಪ್ಪುಗಟ್ಟಿದ ಇತಿಹಾಸ ಉಳ್ಳವರಿಗೆ ಎಚ್ಚರ ಅಗತ್ಯ. ಕ್ಷಯದ ಪರೀಕ್ಷೆಯೂ ಮೊದಲೇ ಆಗಬೇಕು. ನನಗೆ ಅಸಮಾಧಾನವಿರುವುದು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ಆಗಾಗ ನುಂಗುವ ರೂಢಿಯ ಬಗ್ಗೆ. ಮೂರೇ ದಿನಕ್ಕೆ ಚರ್ಮ ತಿಳಿಯಾಗುತ್ತದೆ. ನಿಲ್ಲಿಸಿದಾಗ ಮೊದಲಿಗಿಂತ ಜೋರಾಗಿ ಕೆರಳುವುದುಂಟು.

ನಿಮ್ಮ ಮಟ್ಟಿಗೆ ಹೇಳುವುದಾದರೆ, ವೈದ್ಯರನ್ನು ಕೇಳಿ ಸರಿಯಾದ ಅಳತೆಯಲ್ಲಿ ಕೆಲವು ವಾರ ಹಚ್ಚಿ ನೋಡಿ. ಅಷ್ಟಾದರೂ ರಾತ್ರಿ ಎಚ್ಚರವಾಗುತ್ತಿದ್ದರೆ, ಬರಿದಾದ ಟ್ಯೂಬುಗಳನ್ನೂ ತುಂಬಿದ ಪಟ್ಟಿಯನ್ನೂ ಚರ್ಮತಜ್ಞರ ಮೇಜಿನ ಮೇಲಿಟ್ಟು, ಮುಂದಿನ ಔಷಧ ಯಾವುದೆಂದು ಕೇಳಿ.